ಮುತ್ತಜ್ಜನ ತಿರುವಿನ ಮೇಲೆ ಅಪ್ಪ ಹೂಡಿದ ದಾವೆ

ಊಟಿ ಕಡೆಯ ಬೆಟ್ಟದಲ್ಲಿರುವ ನಮ್ಮ ಹಟ್ಟಿಯಿಂದ ಎಮರಾಲ್ಡ್ ಎಂಬ ಊರಿಗೆ ಹೋಗುವ ರಸ್ತೆಯಲ್ಲೊಂದು ಕಡಿದಾದ ತಿರುವಿದೆ. ಅದನ್ನು ಮಾಡಿಸಿದವರು ನನ್ನ ಮುತ್ತಜ್ಜ. ಬಿಳಿಯರ ಕಾಲದಲ್ಲಿ ಅವರು ರಸ್ತೆ ಕೆಲಸದ ಮೇಸ್ತ್ರಿ; ತಲೆಗೆ ಬಿಳಿ ಮುಂಡಾಸು, ಮೈಗೆ ಯಾವುದೋ ದೊರೆ ಬಿಟ್ಟುಹೋದ ಕೋಟು. ಅಪ್ಪನ ಬಾಯಲ್ಲಿ ಅವರ ಕತೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ನಾನು ಶಾಲೆಗೆ ಹೋಗುವಾಗ ಮುತ್ತಜ್ಜ ದೊರೆಗೆ ದಾರಿ ತೋರಿಸಿದ್ದರು. ಕಾಲೇಜು ಸೇರುವ ಹೊತ್ತಿಗೆ ದೊರೆಯೇ ಅವರ ಹಿಂದೆ ಕೊಡೆ ಹಿಡಿದು ನಡೆಯತೊಡಗಿದ್ದ.

ಚಳಿಗಾಲದಲ್ಲಿ ಆ ತಿರುವಿಗೆ ಬಿಸಿಲು ತಡವಾಗಿ ಬರುತ್ತದೆ. ತೊಳೆದ ಕ್ಯಾರೆಟ್ ತುಂಬಿದ ಲಾರಿಗಳು ದಾರಿಯುದ್ದಕ್ಕೂ ನೀರು ಸುರಿಸಿಕೊಂಡು ಹೋಗುತ್ತವೆ. ಬೆಳಗಾಗುವಷ್ಟರಲ್ಲಿ ಅದು ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಒಂದು ಜನವರಿಯಲ್ಲಿ ಅಪ್ಪ ಸ್ಕೂಟರ್ ಸಮೇತ ಜಾರಿ ಕೆಳಗಿನ ಟೀ ಗಿಡಗಳ ಮೇಲೆ ಬಿದ್ದು ಭುಜ ಮುರಿದುಕೊಂಡರು. ತಡೆಗೋಡೆ ಕಟ್ಟಿಸಿ ಎಂದು ಪಂಚಾಯಿತಿಗೆ ಹೋದರೆ ಅಧಿಕಾರಿ, “ಐಸ್ ಎಲ್ಲಿದೆ, ತೋರಿಸಿ” ಎಂದರು. ಅವರು ಜೀಪಿನಲ್ಲಿ ಬಂದದ್ದು ಮಟಮಟ ಮಧ್ಯಾಹ್ನ. ರಸ್ತೆ ಒಣಗಿ ಬೆಚ್ಚಗಿತ್ತು. “ತಮಿಳುನಾಡಿನಲ್ಲಿ ಐಸಾ?” ಎಂದು ನಕ್ಕು, ನಮ್ಮ ಮನೆಯಲ್ಲೇ ಟೀ ಕುಡಿದು ಹೋದರು. ಅಪ್ಪ ಊಟಿಯಲ್ಲಿ ದಾವೆ ಹೂಡಿದರು.

ಅದಕ್ಕೆ ಅಡ್ಡ ಬಂದವರು ಅಪ್ಪನ ಸೋದರತ್ತೆ, ಮುತ್ತಜ್ಜನ ಕಿರಿಮಗಳು. ನಮಗೆಲ್ಲರಿಗೂ ಅವರು ಅತ್ತೆಯೇ.

“ಆ ತಿರುವು ಕೆಟ್ಟದ್ದು ಅಂತ ಕೋರ್ಟಿಗ ಹೇಳಿದರೆ ಯಾರಿಗ ಬಯ್ದ ಹಾಗ? ನಂಗ ಅಪ್ಪನಿಗ ತಾನೆ?”

“ಕೇಸು ಹಾಕಿರುವುದು ಪಂಚಾಯಿತಿ ಮೇಲೆ ಅತ್ತೆ, ಹೆತ್ತಪ್ಪನ ಮೇಲೆ ಇಲ್ಲೆ,” ಎಂದರು ಅಪ್ಪ. ನಮ್ಮಲ್ಲಿ ಅಜ್ಜನಿಗೆ ಹೆತ್ತಪ್ಪ, ‘ನಮ್ಮ’ ಎನ್ನಲು ‘ನಂಗ’ ಎನ್ನುತ್ತಾರೆ.

ವಿಚಾರಣೆ ಹೇಗೋ ಬೇಸಿಗೆಗೇ ಬೀಳುತ್ತಿತ್ತು. ಅಪ್ಪಿತಪ್ಪಿ ಚಳಿಗಾಲಕ್ಕೆ ಬಂದರೆ ಯಾರಾದರೊಬ್ಬ ವಕೀಲರಿಗೆ ಶೀತವಾಗಿ ಮುಂದಕ್ಕೆ ಹೋಗುತ್ತಿತ್ತು. ಕೊನೆಗೂ ಅಪ್ಪ ಸಾಕ್ಷಿಕಟ್ಟೆ ಹತ್ತಿದ ದಿನ ನಾನೂ ಅತ್ತೆಯೂ ಜೊತೆಗಿದ್ದೆವು. ಪಂಚಾಯಿತಿಯ ವಕೀಲರು ತಮಿಳಿನಲ್ಲಿ ಬಹಳ ನಯವಾಗಿ ಕೇಳಿದರು:

“ಈ ತಿರುವನ್ನು ಮಾಡಿಸಿದವರು ಯಾರೆಂದು ತಮಗೆ ಗೊತ್ತೇ?”

ಊರಿನ ಟೀ ಅಂಗಡಿಗಳಲ್ಲೆಲ್ಲ ಅಪ್ಪನೇ ಹೇಳಿಕೊಂಡು ತಿರುಗಿದ್ದ ವಿಷಯ ಅದು. ನಮ್ಮ ವಕೀಲರು ಬೇಡ ಬೇಡವೆಂದು ಕಣ್ಸನ್ನೆ ಮಾಡಿದರು. ಅಪ್ಪ ಆಗಲೇ ಎದೆ ಸೆಟೆಸಿ ನಿಂತಿದ್ದರು.

“ನಂಗ ಹೆತ್ತಪ್ಪ!”

“ಅವರಿಗೆ ರಸ್ತೆ ಮಾಡಿಸಲು ಬರುತ್ತಿರಲಿಲ್ಲ, ಅಲ್ಲವೇ?”

“ಯಾರು ಹೇಳಿದ್ದು? ಈ ಬೆಟ್ಟದಲ್ಲೇ ಅಂಥ ತಿರುವು ಇನ್ನೊಂದು ಇಲ್ಲೆ!”

“ಹಾಗಾದರೆ ಅಪಾಯವೇನೂ ಇಲ್ಲ?”

“ಗಾಡಿ ಓಡಿಸಲು ಬರುವವನಿಗ ಏನೂ ಇಲ್ಲೆ.”

“ತಾವು ಬಿದ್ದಿರಲ್ಲ?”

ಅಪ್ಪ ಒಮ್ಮೆ ತಮ್ಮ ಭುಜ ನೋಡಿಕೊಂಡರು, ಒಮ್ಮೆ ಅತ್ತೆಯ ಮುಖ ನೋಡಿದರು. “ಅದು ನನ್ನ ತಪ್ಪು,” ಎಂದರು.

ನಮ್ಮ ವಕೀಲರು ಫೈಲು ಕಟ್ಟಿ ಪಕ್ಕಕ್ಕಿಟ್ಟರು.

ಹಿಂತಿರುಗುವಾಗ ಬಸ್ಸಿನಲ್ಲಿ ಅತ್ತೆ ಅಪ್ಪನ ತಲೆ ಸವರಿದರು. ಬಸ್ಸು ತಿರುವಿನಲ್ಲಿ ವಾಲಿದಾಗ ಕಿಟಕಿಯಾಚೆ ಕೈ ತೋರಿಸಿ, ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದರು: “ದೊರೆ ಗೆರೆ ಎಳೆದದ್ದು ನೇರಕ್ಕೆ, ನಂಗ ಆಲೂಗಡ್ಡೆ ಹೊಲದ ನಡುವೆ. ಹೊಲ ಹೋಗುತ್ತೆ ಅಂತ ಅಪ್ಪ ಅವನಿಗ ಜೇನು ಕೊಟ್ಟ, ತುಪ್ಪ ಕೊಟ್ಟ, ದಾರಿನ ಬಳಸಿ ತಿರುಗಿಸಿದ.”

ಅಪ್ಪ ಸೀಟಿನಲ್ಲೇ ಅತ್ತೆಯ ಕಡೆ ತಿರುಗಿ ಕುಳಿತರು. “ಇದನ್ನ ಮೊದಲೇ ಯಾಕ ಹೇಳಿಲ್ಲೆ ಅತ್ತೆ?”

“ಹೇಳಿದ್ದರೆ ನೀ ಗೆದ್ದುಬಿಡುತ್ತಿದ್ದೆ.”

ದಾವೆ ವಜಾ ಆಯಿತು. ಆದರೂ ನ್ಯಾಯಾಧೀಶರು ಕನಿಕರದಿಂದ, ಲಾರಿಗಳು ನೀರು ಬಸಿದ ಮೇಲೆಯೇ ರಸ್ತೆಗೆ ಬರಲಿ, ಅಲ್ಲೊಂದು ಎಚ್ಚರಿಕೆಯ ಫಲಕವಿರಲಿ ಎಂದು ಸೂಚಿಸಿದರು. ಲಾರಿಯವರು ಒಂದು ವಾರ ಪಾಲಿಸಿದರು. ಪಂಚಾಯಿತಿ ಮಾತ್ರ ‘ಅಪಾಯಕಾರಿ ತಿರುವು’ ಎಂದು ತಮಿಳಿನಲ್ಲಿ ಬರೆಸಿ ಫಲಕ ನೆಟ್ಟೇಬಿಟ್ಟಿತು. ಅಪ್ಪ ಮರುದಿನವೇ ಓಡಿದರು: ‘ಅಪಾಯಕಾರಿ’ ಎಂಬ ಮಾತು ನಮ್ಮ ಮನೆತನಕ್ಕೆ ಅವಮಾನ. ಅವರ ಕೋರಿಕೆಯನ್ನು ಪಂಚಾಯಿತಿ ತಕ್ಷಣ ಈಡೇರಿಸಿದ್ದು ಅದೊಂದೇ ಸಲ. ಈಗ ಫಲಕದಲ್ಲಿ ‘ತಿರುವು’ ಎಂದಷ್ಟೇ ಇದೆ.

ಜನವರಿಯ ಬೆಳಗುಗಳಲ್ಲಿ ಅಪ್ಪ ಅಲ್ಲಿ ಸ್ಕೂಟರಿನಿಂದ ಇಳಿದು ಮೆಲ್ಲಗೆ ತಳ್ಳಿಕೊಂಡು ಹೋಗುತ್ತಾರೆ. ಏಕೆಂದು ಕೇಳಿದರೆ, ಹಿರಿಯರಿಗೆ ಕೊಡುವ ಮರ್ಯಾದೆ ಎನ್ನುತ್ತಾರೆ.