ಬೇರಿಕೆ ಮನೆಯ ಹೆಣ್ಣುಮಕ್ಕಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿಯ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ಕಾಗದ ಬಂದದ್ದು ಮಂಗಳವಾರ ಎಂದು ನನ್ನ ನೆನಪು. ಅಲ್ಲ, ಶುಕ್ರವಾರ, ತಾನು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ ಎನ್ನುತ್ತಾಳೆ ಅಮ್ಮ. ನಿಜ ಹೇಳಬೇಕೆಂದರೆ ಅದು ಕಾಗದವೂ ಅಲ್ಲ, ಫೋನಿಗೆ ಬಂದ ಮೇಲ್. ಪ್ರಿಂಟು ತೆಗೆಸಿ, ನಾಲ್ಕು ಮಡಿಕೆ ಮಾಡಿ, ಬ್ಯಾಗಿನಲ್ಲಿಟ್ಟುಕೊಂಡು ಹೊಸೂರೆಲ್ಲ ಮೆರೆಸಿದ್ದರಿಂದ ಈಗ ಅದು ಹುಟ್ಟಿದಾಗಿನಿಂದಲೂ ಕಾಗದವೇ ಆಗಿತ್ತೇನೋ ಅನ್ನಿಸುತ್ತದೆ. ಅದರಲ್ಲಿದ್ದ ಒಂದು ಮಾತು ಮಾತ್ರ ಅಕ್ಷರ ತಪ್ಪದೆ ನೆನಪಿದೆ. ನನ್ನ ತಾಯಿಯ ಕಡೆಯ ವಂಶ ‘ಬಹಳ ಅಪರೂಪದ್ದು’.

ಇದೆಲ್ಲ ಶುರುವಾದದ್ದು ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಲ್ಲಿ. ಪ್ರಾಣಿಶಾಸ್ತ್ರದ ಮೇಡಂ ಒಬ್ಬರು ಡಿಎನ್‌ಎ ಪರೀಕ್ಷೆಯ ಕಿಟ್ ತರಿಸಿದ್ದರು. ಒಂದಕ್ಕೆ ಒಂದು ಉಚಿತ. ಆ ಉಚಿತ ವಂಶಾವಳಿ ನನ್ನ ಪಾಲಿಗೆ ಬಂತು. ಟ್ಯೂಬಿನಲ್ಲಿ ಗೆರೆಯ ತನಕ ಉಗಿಯಬೇಕು, ಮುಚ್ಚಳ ಹಾಕಿ ಕಳಿಸಬೇಕು, ಅಷ್ಟೇ. ಅಮ್ಮನಿಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು.

“ಎಂಜ್ಲನ್ನ ಡಬ್ಬೀಲಿ ಹಾಕಿ ಕೊರಿಯರ್ ಮಾಡಿದ್ಯಾ? ಬಿಚ್ಚಿ ನೋಡಿದೋರು ಏನಂದ್ಕಂಡಾರೇ?”

“ಅವರ ಕೆಲಸವೇ ಅದು ಅಮ್ಮ.”

“ಅಯ್ಯೋ ಪಾಪ,” ಎಂದಳು ಅಮ್ಮ, ಕಾಣದ ಊರಿನ ಆ ಕೆಲಸದವರಿಗಾಗಿ ನಿಜವಾಗಿಯೂ ಮರುಗುತ್ತ.

ವಿಷಯ ಇಷ್ಟು. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟಾಣಿ ಒಲೆಗಳಿವೆ. ಅವುಗಳಿಗೆ ತಮ್ಮದೇ ಆದ ಒಂದು ಚೂರು ಡಿಎನ್‌ಎ ಉಂಟು. ಅದು ಬರುವುದು ತಾಯಿಯಿಂದ ಮಾತ್ರ. ಗಂಡುಮಕ್ಕಳಿಗೂ ಬರುತ್ತದೆ, ಆದರೆ ಅವರಲ್ಲಿಗೇ ಮುಗಿಯುತ್ತದೆ. ಅಮ್ಮ, ಅಮ್ಮನ ಅಮ್ಮ, ಅವಳ ಅಮ್ಮ ಎಂದು ಹಿಂದಕ್ಕೆ ಹೋದರೆ ಕಡೆಗೆ ಆಫ್ರಿಕದಲ್ಲಿ ಒಬ್ಬಳು ತಾಯಿ ಸಿಗುತ್ತಾಳೆ. ನಡುವೆ ಎಲ್ಲೋ ಆ ಡಿಎನ್‌ಎ ಬರಹದ ಒಂದೊಂದು ಅಕ್ಷರ ಆಚೀಚೆ ಆಗಿ ಕವಲುಗಳು ಹುಟ್ಟಿವೆ. ನನ್ನ ಕವಲಿನ ಹೆಸರು ಎಂ ಅಕ್ಷರದಿಂದ ಶುರುವಾಗಿ, ಅಂಕಿ, ಅಕ್ಷರ, ಮತ್ತೆ ಅಂಕಿ ಎಂದು ಸ್ಕೂಟರಿನ ನಂಬರ್ ಪ್ಲೇಟಿನಂತೆ ಸಾಗುತ್ತದೆ. ಜೊತೆಗೊಂದು ಭೂಪಟ. ಆಫ್ರಿಕದಿಂದ ಹೊರಟ ಬಾಣ ಕಡಲಂಚು ಹಿಡಿದು, ಮರಳು ದಾಟಿ, ಎಷ್ಟೆಷ್ಟೋ ಸಾವಿರ ವರ್ಷ ನಡೆದು ಬಂದು, ನೋಡಿದರೆ, ಹೆಚ್ಚುಕಡಿಮೆ ಹೊಸೂರು ಬಸ್ ಸ್ಟ್ಯಾಂಡಿನ ಮೇಲೆ ನಿಂತುಬಿಟ್ಟಿತ್ತು!

ಒಂದು ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ತರಕಾರಿ ಅಂಗಡಿಯಲ್ಲಿ ಹುರುಳಿಕಾಯಿ ಮುರಿದು ನೋಡುವಾಗ, ಅಪರೂಪದ ವಂಶದವರು ಹೀಗೆ ಮಾಡಬಹುದೇ ಎಂದು ಕೈ ತಡೆಯುತ್ತಿತ್ತು. ಪ್ರಾಣಿಶಾಸ್ತ್ರದ ಮೇಡಂ ಗಾಳಿ ತೆಗೆಯಲು ನೋಡಿದರು. “ಅಪರೂಪ ಅಂದ್ರೆ ಇಷ್ಟೇ ಮೇಡಂ, ನಿಮ್ಮ ಕಡೆಯವರು ಇನ್ನೂ ಜಾಸ್ತಿ ಜನ ಉಗಿದಿಲ್ಲ.” ನಾನು ಅದನ್ನು ಹೊಟ್ಟೆಕಿಚ್ಚಿನ ಖಾತೆಗೆ ಹಾಕಿದೆ.

ನನ್ನ ವಿವರಣೆ ಬೇರೆ. ನಮ್ಮಲ್ಲಿ ಬೆಡಗು ಎಂಬ ಕುಲದ ಗುರುತು ಅಪ್ಪನಿಂದ ಬರುತ್ತದೆ. ಒಂದೇ ಬೆಡಗಿನವರು ಮದುವೆಯಾಗುವಂತಿಲ್ಲ. ಹಿರಿಯರು ಆ ಬಾಗಿಲಿಗೆ ಭದ್ರವಾದ ಬೀಗ ಹಾಕಿ, ತಾಯಿಯ ಕಡೆಯ ಹಿತ್ತಿಲ ಬಾಗಿಲನ್ನು ತೆರೆದೇ ಬಿಟ್ಟರು. ಅಕ್ಕನ ಮಗಳನ್ನು ತಮ್ಮ ತಂದುಕೊಳ್ಳುತ್ತಾನೆ. ಅಂದರೆ ತಾಯಿ ಮದುವೆಯಾಗಿ ಬಿಟ್ಟು ಬಂದ ಮನೆಗೇ ಮಗಳು ಸೊಸೆಯಾಗಿ ವಾಪಸು. ಖಂಡಗಳನ್ನು ದಾಟಿ ಬಂದ ಮಹಾ ವಂಶ ಇಲ್ಲಿಗೆ ಬಂದ ಮೇಲೆ ಬಾಗಲೂರಿಂದ ಬೇರಿಕೆಗೆ, ಬೇರಿಕೆಯಿಂದ ಬಾಗಲೂರಿಗೆ, ಟೌನ್ ಬಸ್ಸು ಹೋಗುವಷ್ಟು ದೂರದಲ್ಲೇ ತಿರುಗುತ್ತ ಕೂತರೆ ಹರಡುವುದು ಹೇಗೆ? ನೀರು, ರಾಗಿ, ಅವರೆ ಎಲ್ಲ ಇದೆ, ಮುಂದಕ್ಕೆ ಯಾಕೆ ಹೋಗಬೇಕು ಎಂದುಕೊಂಡಿರಬೇಕು ನಮ್ಮಜ್ಜಿಯರು. ಸಾನಮಾವು ಕಾಡಿಗೆ ಬರುವ ಆನೆಗಳೂ ಹೀಗೆಯೇ. ಹಿಂಡಿನ ಹಿರಿಯ ಹೆಣ್ಣಾನೆ ಮುಂದೆ, ಮಗಳು, ಮೊಮ್ಮಗಳು ಹಿಂದೆ. ಅಜ್ಜಿ ಮೇಯ್ದ ರಾಗಿ ಹೊಲ ಎಲ್ಲಿದೆ ಎಂದು ತಿಳಿಯಲು ಅವಕ್ಕೆ ಟ್ಯೂಬಿಗೆ ಉಗಿಯುವ ಕಷ್ಟವೂ ಇಲ್ಲ.

ಒಂದು ಮಧ್ಯಾಹ್ನ ಈ ಸಂಭ್ರಮದಲ್ಲೇ ವಂಶವೃಕ್ಷ ಬರೆಯಲು ಕೂತೆ. ಅಜ್ಜಿ, ಅವಳಿಗೆ ಒಬ್ಬಳೇ ಮಗಳು ಅಮ್ಮ. ಅಮ್ಮನಿಗೆ ಒಬ್ಬಳೇ ಮಗಳು ನಾನು. ನನಗೆ ಒಬ್ಬನೇ ಮಗ. ಪೆನ್ನು ಅಲ್ಲಿಗೆ ನಿಂತಿತು. ಹಿಮಯುಗವನ್ನೂ ಬರಗಾಲಗಳನ್ನೂ ದಾಟಿ ಬಂದ ಸಾಲು ನನ್ನ ಡೈನಿಂಗ್ ಟೇಬಲ್ಲಿಗೆ ಬಂದು ಮುಗಿದಿತ್ತು. ನಗಬೇಕೆಂದುಕೊಂಡೆ. ನಗು ಬಂತು ಕೂಡ, ಆದರೆ ಜೊತೆಗೆ ಇನ್ನೇನೋ ಬಂತು. ಅಷ್ಟು ದೂರ ನಡೆದು ಬಂದವರಿಗೆ ನಾನು ಉತ್ತರ ಹೇಳಬೇಕಲ್ಲ.

ಒಂದೇ ದಾರಿ ಉಳಿದಿತ್ತು. ಅಜ್ಜಿಗೆ ಒಬ್ಬಳು ತಂಗಿ, ಚಿಕ್ಕಜ್ಜಿ. ಬೇರಿಕೆಯಲ್ಲಿದ್ದಾಳೆ. ಅವಳಿಗೆ ರತ್ನಮ್ಮ ಎಂಬ ಮಗಳು. ರತ್ನಮ್ಮನಿಗೆ ಹೆಣ್ಣುಮಕ್ಕಳಿದ್ದರೆ ಸಾಲು ಬದುಕಿದೆ. ಆದರೆ ಬೇರಿಕೆಗೆ ನಾನು ಹೋಗಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಸಾವಿಗೆ, ತಿಥಿಗೆ ಎದುರಾದಾಗ ತಲೆಯಾಡಿಸುವುದಷ್ಟೇ. ಕಾರಣ, ಚಿಕ್ಕಜ್ಜಿಯ ಮಗ ಮುನಿರಾಜ ಮಾಮ. ನನ್ನನ್ನು ಅವನಿಗೆ ಕೊಡುವುದೆಂದು ಎರಡೂ ಮನೆಯವರು ನಾನು ಲಂಗ ಹಾಕುತ್ತಿದ್ದಾಗಲೇ ಮಾತಾಡಿಕೊಂಡಿದ್ದರು. ನಾನು ಎಂ.ಎ. ಓದುತ್ತಿದ್ದಾಗ ಅದನ್ನು ಮುರಿದೆ.

ಹೇಗೆ ಮುರಿದೆ ಎಂಬುದು ನನಗೆ ಚಿತ್ರದಂತೆ ನೆನಪಿದೆ, ಅದಕ್ಕೇ ಅನುಮಾನ. ಅಜ್ಜಿ ಮನೆಯ ಜಗಲಿ. ಮಾಮ ಮತ್ತು ನಾನು, ಇಬ್ಬರೇ. ರಕ್ತಸಂಬಂಧದ ಮದುವೆ, ಅದರಿಂದ ಬರಬಹುದಾದ ಕಾಯಿಲೆ, ಹೆಣ್ಣಿನ ಸ್ವಾತಂತ್ರ್ಯ ಎಲ್ಲ ಸೇರಿಸಿ ನಾನು ದೊಡ್ಡ ಭಾಷಣ ಮಾಡಿದೆ. ಅವನು “ಆಯ್ತು ಬುಡು” ಎಂದ. ಮನೆಗೆ ಹೋಗಿ ಹೇಳಿರಬೇಕು, ಬೇರಿಕೆಯವರು ಮುನಿಸಿಕೊಂಡರು ಎಂದು ನಾನು ತಿಳಿದೆ. ಮೊನ್ನೆ ಆ ವರ್ಷದ ಡೈರಿ ತೆಗೆದು ಜಗಲಿಯ ಆ ದಿನವನ್ನು ಹುಡುಕಿದೆ. ಅಜ್ಜಿ ಮನೆಗೆ ಹೋದ ದಿನ ಎಂದು ಸಿಕ್ಕಿದ ಒಂದೇ ಒಂದು ಪುಟದಲ್ಲಿ ಹೀಗಿದೆ: ‘ಹಿತಕಿದವರೆ ಸಾರು. ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.’ ಕ್ರಾಂತಿ ಮಾಡಿದ ದಿನ ಯಾರಾದರೂ ಹೀಗೆ ಬರೆಯುತ್ತಾರೆಯೇ?

ಅಂತೂ ಒಂದು ಭಾನುವಾರ ವಂಶವೃಕ್ಷದ ಹಾಳೆ ಹಿಡಿದು ಬೇರಿಕೆ ಬಸ್ಸು ಹತ್ತಿದೆ. ಬಾಗಲೂರು ಬರುವ ಹೊತ್ತಿಗೆ ಇಳಿದುಬಿಡಲೇ ಎನ್ನಿಸಿತ್ತು. ಆದರೆ ಬೇರಿಕೆಯಲ್ಲಿ ಮನೆಯ ಮುಂದೆ ಗುಲಾಬಿ ಹೂವಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದ ಮಾಮ ನನ್ನನ್ನು ನೋಡಿ ಕೊಡವನ್ನೇ ಕೆಳಗಿಟ್ಟ. ತಲೆ ಪೂರ್ತಿ ನೆರೆತಿತ್ತು.

“ಅವ್ವಾ, ಯಾರ್ ಬಂದವ್ರೆ ನೋಡು! ಹೊಸೂರ್ ಮೇಡಂ!”

ಕಾಫಿ ಮುಗಿಯುವುದರೊಳಗೆ ನಾನು ಆಫ್ರಿಕದಿಂದ ಬೇರಿಕೆಯವರೆಗೆ ಎಲ್ಲ ಹೇಳಿದೆ. ಮಾಮ ಗಮನವಿಟ್ಟು ಕೇಳಿದ. ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವವನಿಗೆ ಇದು ಹೊಸದೇನೂ ಆಗಿರಲಿಲ್ಲ.

“ಇಷ್ಟೇ ತಾನೇ? ಅಲ್ಲಿ ನಿಂತಿರೋ ಗಿಡ ಎಲ್ಲಾ ಒಂದೇ ತಾಯಿ ಗಿಡದಿಂದ ಕಣ್ಣು ತಂದು ಕಸಿ ಮಾಡಿದ್ದು. ಅದ್ಸರಿ, ಅವತ್ತು ‘ರಕ್ತ ಒಂದೇ, ದೂರ ಇರು’ ಅಂತು ನಿನ್ ಸೈನ್ಸು. ಇವತ್ತು ‘ರಕ್ತ ಒಂದೇ, ಬತ್ತೀನಿ’ ಅಂತದೆ. ಅದಕ್ಕೆ ಒಂದ್ ಮಾತು ಅನ್ನೋದೇ ಇಲ್ವಾ?”

ಚಿಕ್ಕಜ್ಜಿ ಜೋರಾಗಿ ನಕ್ಕಳು. ನನಗೆ ಜೀವ ಬಂತು. ಹಾಳೆ ಬಿಡಿಸಿದೆ. “ಚಿಕ್ಕಜ್ಜಿ, ರತ್ನಮ್ಮ ಚಿಕ್ಕಮ್ಮನಿಗೆ ಹೆಣ್ಣುಮಕ್ಕಳು ಎಷ್ಟು?”

ಚಿಕ್ಕಜ್ಜಿ ಬೆರಳಿನ ಗೆಣ್ಣು ಎಣಿಸತೊಡಗಿದಳು. ಮೂವರು. ಆ ಮೂವರಲ್ಲಿ ದೊಡ್ಡವಳಿಗೆ ಎರಡು ಹೆಣ್ಣು. ನಡುವಿನವಳಿಗೆ ಎರಡು, ಅಲ್ಲ, ಮೂರು, ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ. ಹೊಸೂರಿನ ಫ್ಯಾಕ್ಟರಿಗೆ ಹೋಗುವ ಚಿಕ್ಕವಳು ಹೋದ ತಿಂಗಳು ಹೆತ್ತಿದ್ದಾಳೆ. ಅದೂ ಹೆಣ್ಣೇ. ನಾನು ಕೂಗಿಕೊಂಡೆನಂತೆ. ಕೂಗಿದ್ದು ನನಗೆ ನೆನಪಿಲ್ಲ, ಅಂಗಳದ ಕೋಳಿಗಳು ಓಡಿದ್ದು ನೆನಪಿದೆ.

ಚಿಕ್ಕಜ್ಜಿ ನನ್ನ ಮುಖವನ್ನೇ ನೋಡಿದಳು. “ಹೆಣ್ಮಕ್ಕಳ ಲೆಕ್ಕ ಕೇಳ್ಕಂಡು ಕುಣಿದೋಳು ನೀನೊಬ್ಳೇ ಕಣಮ್ಮ. ಇಷ್ಟು ದಿನ ಬಂದೋರೆಲ್ಲ ‘ಇದೂ ಹೆಣ್ಣಾ?’ ಅಂತ್ಲೇ ಕೇಳಿದ್ದು.”

ನಾನು ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡೆ. ಹಾಳೆ ಸಾಲದೆ ಹಿಂಬದಿಗೂ ಹೋಯಿತು. ಅಷ್ಟರಲ್ಲಿ ಮಾಮನ ಕಿರಿಯ ಮಗಳು, ಐದನೇ ಕ್ಲಾಸಿನವಳು, ಇಣುಕಿ ನೋಡಿ ಕೆಂಡವಾದಳು. “ನನ್ ಹೆಸರೇ ಇಲ್ಲ!” ಅವಳದು ಅವಳ ಅಮ್ಮನ ಸಾಲು, ಅದು ಬೇರೆ ಊರಿಂದ ಬಂದ ಬೇರೆ ಬಾಣ ಎಂದು ಸಮಾಧಾನ ಹೇಳಿದೆ. ಅವಳ ಅಮ್ಮ ಅಡುಗೆಮನೆಯಿಂದಲೇ “ನಮ್ದೂ ಅಪರೂಪಾನೇ ಅಂತ ಬರ್ಕಳಮ್ಮ” ಎಂದು ಕೂಗಿದಳು.

“ಮತ್ತೆ ನಾನು?” ಎಂದ ಮಾಮ.

“ನೀನು ಇದ್ದೀಯ. ಆದರೆ ನಿನ್ನ ಹತ್ತಿರ ನಿಂತುಹೋಗುತ್ತೆ. ನನ್ನ ಹಾಗೇ.”

“ಅಂಗಾದ್ರೆ ನಾವಿಬ್ರೂ ಒಂದೇ ಕೇಸು,” ಎಂದು ಅವನು ಬಹಳ ಖುಷಿಪಟ್ಟ.

ಆಗ ಚಿಕ್ಕಜ್ಜಿ ಎಲೆ ಮಡಿಸುತ್ತ ಸುಮ್ಮನೆ ಅಂದಳು: “ಈ ನನ್ಮಗ ಬೇಡ ಅನ್ದೆ ಇದ್ದಿದ್ರೆ ನೀನೂ ಇದೇ ಮನೇಲಿ ಇರ್ತಿದ್ದೆ.”

“ಬೇಡ ಅಂದಿದ್ದು ನಾನಲ್ವಾ ಚಿಕ್ಕಜ್ಜಿ?”

“ನೀನಾ? ನೀನ್ಯಾವಾಗ ಅಂದೆ? ಇವ್ನೇ ಒಂದಿನ ಬಂದು ‘ನಂಗೆ ಅವ್ಳು ಬೇಡ’ ಅಂತ ಕುಂತ್ಕಂಡ. ಯಾಕ್ಲಾ ಅಂದ್ರೆ ಬಾಯೇ ಬುಡ್ಲಿಲ್ಲ. ಅವ್ರಪ್ಪ ಬಾರುಕೋಲು ತಕಂಡ್ರೂ ಬುಡ್ಲಿಲ್ಲ. ಯಾವ ಮುಖ ಇಟ್ಕಂಡು ನಿಮ್ಮನೇಗ್ ಬರೋದು ಅಂತ ನಾನು ಹೊಸ್ಲು ತುಳೀಲಿಲ್ಲ.”

ಮಾಮ ಎದ್ದು ಹೂವಿನ ಕಟ್ಟು ಸರಿಮಾಡಲು ಹೋದ. ನಾನು ಹೊಸೂರಿಗೆ ವಾಪಸು ಬಂದು ಅಮ್ಮನನ್ನು ಕೇಳಿದರೆ, “ಹೂಂ, ಹುಡುಗ ಬೇಡ ಅಂದ. ನಿಂಗೆ ಬೇಜಾರಾದಾತು ಅಂತ ನಾನು ಹೇಳ್ಲಿಲ್ಲ” ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು. ಇಪ್ಪತ್ತೈದು ವರ್ಷ ಅವರು ನಮ್ಮ ಮೇಲೆ ಮುನಿದಿದ್ದಾರೆಂದು ನಾನು, ನಾವು ಅವರ ಮೇಲೆ ಮುನಿದಿದ್ದೇವೆಂದು ಅವರು!

ಈಗ ನನ್ನ ಭಾಷಣದ ಗತಿ ಏನು? ಅವನು ಮೊದಲೇ ಬೇಡ ಅಂದಿದ್ದರೆ, ನಾನು ತೆರೆದ ಬಾಗಿಲನ್ನು ಒದ್ದು ವೀರವನಿತೆಯಾದೆ. ನನ್ನ ಮಾತು ಕೇಳಿದ ಮೇಲೆ ಅಂದಿದ್ದರೆ, ಅವನು ಆ ಬಾರುಕೋಲನ್ನು ಎದುರಿಸಿದ್ದು ನನಗಾಗಿ. ಸಾವಿರಾರು ವರ್ಷದ ಹಿಂದೆ ಯಾರು ಎಲ್ಲಿಂದ ಹೊರಟರೆಂದು ಒಂದು ಹನಿ ಎಂಜಲು ಹೇಳುತ್ತದೆ. ಇಪ್ಪತ್ತೈದು ವರ್ಷದ ಹಿಂದಿನ ಎರಡು ಮಾತುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವ ಪರೀಕ್ಷೆ ಇಲ್ಲ. ಸಾಕ್ಷಿ ಇರುವವನು ಒಬ್ಬನೇ.

ಆ ಭಾನುವಾರವೇ ಮಾಮ ಸ್ಕೂಟರಿನಲ್ಲಿ ನನ್ನನ್ನು ಬೇರಿಕೆ ಸ್ಟಾಪಿಗೆ ಬಿಟ್ಟಾಗ ಅವನನ್ನೇ ಕೇಳಿದೆ. “ಬಸ್ ಬಂತು, ಹತ್ತು ಹತ್ತು” ಎಂದ. ಆಮೇಲೆ ಫೋನಿನಲ್ಲಿ ಮೆಸೇಜು ಹಾಕಿದೆ. ಓದಿದ್ದಾನೆ. ಪ್ರತಿ ಬೆಳಿಗ್ಗೆ ಒಂದು ಗುಲಾಬಿಯ ಫೋಟೋ ಬರುತ್ತದೆ, ಕೆಳಗೆ ‘ಶುಭೋದಯ’ ಅಂತ. ನಾನೂ ಬಿಡದೆ ಮತ್ತೆ ಮತ್ತೆ ಅದನ್ನೇ ಕಳಿಸುತ್ತಿದ್ದೇನೆ:

“ಮಾಮಾ, ನೀನು ಬೇಡ ಅಂದಿದ್ದು ನಾನು ಜಗಲಿ ಮೇಲೆ ಮಾತಾಡೋಕೆ ಮುಂಚೆನಾ, ಆಮೇಲಾ?”