ಎಪ್ಪತ್ತು ಕುದುರೆಯ ಜೀಪಿನ ಎರಡು ಪುಟ್ಟ ಲಿವರ್‌ಗಳು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನಮ್ಮ ಯಜಮಾನರು ಹರಾಜಿನಲ್ಲಿ ಒಂದು ಹಳೆಯ ಮಿಲಿಟರಿ ಜೀಪು ತಂದರು. ಎತ್ತಿನ ಗಾಡಿ ಸಾಲುತ್ತಿರಲಿಲ್ಲ ಅಂತಲ್ಲ, ಪಕ್ಕದ ತೋಟದವರು ಮೋಟಾರ್ ಸೈಕಲ್ ತಂದಿದ್ದರು ಅಂತ. ಹೊನ್ನವಳ್ಳಿ ಹತ್ತಿರದ ನಮ್ಮ ತೋಟದಿಂದ ತಿಪಟೂರಿಗೆ ಕೊಬ್ಬರಿ ಮೂಟೆ, ವಾಪಸ್ ಬರುವಾಗ ಹಿಂಡಿ ಬೂಸ, ಬೆಳಿಗ್ಗೆ ಹೆಣ್ಣುಮಕ್ಕಳನ್ನು ಸ್ಕೂಲಿಗೆ ಬಿಡೋದು, ಎಲ್ಲಾ ಅದರಲ್ಲೇ. ಗಡಿ ಕಾಯ್ದ ಗಾಡಿಗೆ ಬೂಸ ಹೊರುವ ಗತಿ ಬಂತಲ್ಲ ಅಂತ ನನಗೆ ಕನಿಕರವಾಗುತ್ತಿತ್ತು.

ಮನೆಗೆ ಬಂದವರಿಗೆ ನಾನು ಕಾಫಿ ತರುವಷ್ಟರಲ್ಲಿ ಇವರು ಬಾನೆಟ್ ಎತ್ತಿ ನಿಂತಿರುತ್ತಿದ್ದರು. "ಎಪ್ಪತ್ತು ಕುದುರೆ ಕಣ್ರೀ ಇದರೊಳಗೆ!" ಬಂದವರು ಬಗ್ಗಿ ನೋಡುತ್ತಿದ್ದರು, ಪಾಪ, ಒಂದಾದರೂ ಕಾಣುತ್ತೇನೋ ಅಂತ. ಆಕ್ಸಿಲರೇಟರ್ ತುಳಿದಷ್ಟೂ ಕುದುರೆಗಳು ಎದ್ದೇಳುತ್ತವೆ ಅನ್ನುವುದು ಯಜಮಾನರ ಸಿದ್ಧಾಂತ. ನಾನು ಕಂಡಂತೆ ಎದ್ದು ಓಡುತ್ತಿದ್ದುದು ನಮ್ಮ ಕೋಳಿಗಳು.

ಜೀಪು ರಿಪೇರಿಗೆ ತಿಪಟೂರಿನಿಂದ ಒಬ್ಬ ಸಾಬರು ಬರುತ್ತಿದ್ದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಒಂದು ದಿನ ಚಕ್ರದ ನಟ್ಟು ಬಿಗಿದುಕೊಂಡಿತ್ತು. ಯಜಮಾನರು ಸ್ಪ್ಯಾನರ್ ಹಿಡಿದು ಮುಖ ಕೆಂಪಗೆ ಮಾಡಿಕೊಂಡರೇ ಹೊರತು ನಟ್ಟು ಅಲ್ಲಾಡಲಿಲ್ಲ. ಸಾಬರು ಆ ಸ್ಪ್ಯಾನರಿನ ತುದಿಗೆ ಒಂದು ಉದ್ದನೆಯ ಪೈಪು ಸಿಕ್ಕಿಸಿ ಒಂದೇ ಕೈಯಲ್ಲಿ ಒತ್ತಿದರು. ನಟ್ಟು ಕಿರ್ರೆಂದು ತಿರುಗಿತು.

"ಇದೇ ನೋಡಿ ಸಾರ್, ತಿರುಗಿಸೋ ಶಕ್ತಿ ಅಂದ್ರೆ. ಟಾರ್ಕು ಅಂತೀವಿ. ಕುದುರೆ ಲೆಕ್ಕ ರೋಡಲ್ಲಿ ಓಡೋಕೆ. ಕೆಸರಲ್ಲಿ ಬೇಕಾಗೋದು ಇದು," ಅಂದರು. ದೊಡ್ಡ ಗೇರಿನ ಪಕ್ಕದಲ್ಲಿದ್ದ ಎರಡು ಪುಟ್ಟ ಲಿವರ್ ತೋರಿಸಿದರು. ಒಂದು ಹಾಕಿದರೆ ನಾಲ್ಕೂ ಚಕ್ರ ಎಳೆಯುತ್ತವೆ, ಇನ್ನೊಂದು ಹಾಕಿದರೆ ಓಟ ತಗ್ಗಿ ಎಳೆತ ಹೆಚ್ಚುತ್ತದೆ.

"ಅವೆಲ್ಲಾ ಮಿಲಿಟರಿಯೋರಿಗೆ ಬುಡಿ ಸಾಬ್ರೆ," ಅಂದರು ಯಜಮಾನರು. ಆ ಲಿವರ್‌ಗಳಿಗೆ ಅವರು ಕಂಡುಕೊಂಡಿದ್ದ ಉಪಯೋಗವೇ ಬೇರೆ. ಒಂದಕ್ಕೆ ಟವಲು, ಇನ್ನೊಂದಕ್ಕೆ ಕೊಡೆ ನೇತುಹಾಕುತ್ತಿದ್ದರು.

ಕಾಫಿ ಲೋಟ ಹಿಡಿದು ನಿಂತಿದ್ದ ನನಗೆ ಮಾತ್ರ ಆ ಪೈಪು ತಲೆಯಲ್ಲಿ ಕೂತುಬಿಟ್ಟಿತು. ಯಜಮಾನರು ಜೀಪನ್ನು ಸರಿಯಾಗಿ ನಾನು ಕೊಬ್ಬರಿ ಹರವುವ ಕಣದಲ್ಲೇ ನಿಲ್ಲಿಸುತ್ತಿದ್ದುದರಿಂದ, ಇವರಿಲ್ಲದಾಗ ಅದನ್ನು ಹಿಂದೆ ಮುಂದೆ ಮಾಡುವುದನ್ನು ಕಲಿತಿದ್ದೆ. ಮುಂದಿನ ಸಲ ಸಾಬರು ಬಂದಾಗ ಪುಟ್ಟ ಲಿವರ್‌ಗಳನ್ನು ಹಾಕುವ ಕ್ರಮ ಕೇಳಿ ತಿಳಿದುಕೊಂಡೆ. ಯಜಮಾನರಿಗೆ ಹೇಳಲಿಲ್ಲ. ಅವರಿಗೆ ಗೊತ್ತಿಲ್ಲದ್ದು ಏನಿತ್ತು ಹೇಳಿ?

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಶೆಟ್ಟಿಕೆರೆ ಕಡೆ ಇದ್ದ ನಮ್ಮ ನಾದಿನಿಯ ಮನೆಗೆ ಜೀಪಿನ ತುಂಬಾ ತೆಂಗಿನ ಸಸಿ ಹೇರಿಕೊಂಡು ನಾವಿಬ್ಬರೇ ಹೊರಟೆವು. ದಾರಿಯಲ್ಲಿ ಒಂದು ಕೆರೆ ಕೋಡಿ ಬಿದ್ದು ರಸ್ತೆಯೆಲ್ಲಾ ರಾಡಿಯಾಗಿತ್ತು.

"ಆ ಪುಟ್ಟ ಲಿವರ್ ಹಾಕಿ ನೋಡಬಾರದೇ?" ಅಂದೆ.

"ಸುಮ್ನೆ ಕೂತ್ಕೊಳ್ಳೇ. ಎಪ್ಪತ್ತು ಕುದುರೆ ಕಣೇ!"

ಒಂದೇ ಉಸಿರಿಗೆ ನುಗ್ಗಿಸಿದರು. ನಡುಮಧ್ಯಕ್ಕೆ ಹೋಗಿ ಎಪ್ಪತ್ತೂ ಒಟ್ಟಿಗೆ ನಿಂತವು. ಇವರು ತುಳಿದಷ್ಟೂ ಹಿಂದಿನ ಚಕ್ರ ಗಿರಗಿರನೆ ತಿರುಗಿ ಇನ್ನಷ್ಟು ಹೂತುಕೊಂಡವು. ಕೆಸರು ಸಸಿಗಳ ಮೇಲೆ, ನನ್ನ ಹೊಸ ಸೀರೆಯ ಮೇಲೆ, ಯಜಮಾನರ ಮೀಸೆಯ ಮೇಲೆ.

"ರೋಡೇ ಸರಿ ಇಲ್ಲ. ಎತ್ತು ಹೊಡ್ಕೊಂಡು ಬತ್ತೀನಿ, ಇಲ್ಲೇ ಇರು," ಅಂತ ಪಂಚೆ ಮೇಲೆತ್ತಿ ಹೊರಟರು. ಹೋಗುವಾಗ ಟವಲು ಕೊಡೆ ಎರಡನ್ನೂ ತೆಗೆದುಕೊಂಡು ಹೋದರು. ಅದೊಂದು ಉಪಕಾರ ಮಾಡಿದರು.

ನಾನು ಇಳಿದು ಪಕ್ಕದ ತೋಟದಲ್ಲಿ ಬಿದ್ದಿದ್ದ ಒಣಗರಿಗಳನ್ನು ಎಳೆದು ತಂದು ಚಕ್ರದ ಹಿಂದೆ ಮುಂದೆ ತುರುಕಿದೆ. ಏನಾದರೂ ಮುರಿದರೆ ಬದುಕಿರುವವರೆಗೂ ಇವರ ಮಾತು ಕೇಳಬೇಕಾಗುತ್ತಲ್ಲ! ಒಂದು ಲಿವರ್ ಹಾಕಿದೆ. ಇನ್ನೊಂದು ಹಾಕಿದೆ. ಎರಡನೇ ಗೇರಿಗೆ ತಂದು, ಆಕ್ಸಿಲರೇಟರ್ ಮುಟ್ಟಿದೆನೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಒತ್ತಿ ಕ್ಲಚ್ ಬಿಟ್ಟೆ. ಜೀಪು ಮೊದಲು ಗೊಣಗಿತು. ಗರಿಗಳು ಪಟಪಟ ಮುರಿದವು. ಆಮೇಲೆ ಕೆರೆಯಿಂದ ಎಮ್ಮೆ ಎದ್ದು ಬರುವ ಹಾಗೆ, ಯಾವ ಅವಸರವೂ ಇಲ್ಲದೆ ನಡೆದುಕೊಂಡು ದಡ ಸೇರಿತು. ನನಗೆ ನಗುವೋ ಅಳುವೋ ಗೊತ್ತಾಗಲಿಲ್ಲ.

ಯಜಮಾನರು ಎರಡು ಜೊತೆ ಎತ್ತು, ನಾಲ್ಕು ಆಳು, ಒಂದು ದಪ್ಪ ಹಗ್ಗದೊಂದಿಗೆ ಬಂದರು. ಒಣನೆಲದ ಮೇಲೆ ನಿಂತ ಜೀಪನ್ನೂ ನನ್ನನ್ನೂ ನೋಡಿದರು.

"ಯಾರು ಎಳೆದಿದ್ದು?"

"ಇನ್ಯಾರು ಎಳೀತಾರೆ? ಜೀಪೇ ಎಳೀತು."

ಬಂದವರಲ್ಲೊಬ್ಬರು, "ಅಮ್ಮಾರೇ ಓಡ್ಸವ್ರೆ ಕಣ್ಲಾ!" ಅಂತ ಜೋರಾಗಿ ನಕ್ಕರು. ಯಜಮಾನರು ಗಂಟಲು ಸರಿಮಾಡಿಕೊಂಡು, "ನಾನು ಆಗಲೇ ಸಡಿಲ ಮಾಡಿಟ್ಟು ಬಂದಿದ್ದೆ," ಅಂದರು. ಎತ್ತುಗಳು ಏನೂ ಹೇಳಲಿಲ್ಲ.

ಶೆಟ್ಟಿಕೆರೆಯವರೆಗೂ ಅವರೇ ಓಡಿಸಿದರು. ಮಾರನೇ ಬೆಳಿಗ್ಗೆ ವಾಪಸ್ ಬರುವಾಗ ಅದೇ ರಾಡಿ ಎದುರಾಯಿತು. ಜೀಪು ನಿಲ್ಲಿಸಿದರು. ಮೀಸೆ ಸವರಿಕೊಂಡು ಅತ್ತ ಇತ್ತ ನೋಡಿ, "ನನಗ್ಯಾಕೋ ಸೊಂಟ ಹಿಡಿದದೆ ಕಣೇ. ಇದೊಂದು ಚೂರು ನೀನೇ ದಾಟಿಸು," ಅಂದರು.

ಆ ಸೊಂಟ ಮುಂದೆ ವಾಸಿಯಾಗಲೇ ಇಲ್ಲ. ತಿಪಟೂರಿಗೆ ಕೊಬ್ಬರಿ, ಮಕ್ಕಳ ಸ್ಕೂಲು, ಎಲ್ಲಕ್ಕೂ ನಾನೇ ಓಡಿಸತೊಡಗಿದೆ. ಮೊದಮೊದಲು ತಿಪಟೂರಿನ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತ ಯಜಮಾನರು ಅವರಿಗೆ ಕೇಳುವ ಹಾಗೆ, "ಹಾಂ, ಈಗ ಗೇರ್ ಹಾಕು," ಅನ್ನುತ್ತಿದ್ದರು. ಅಷ್ಟರಲ್ಲಿ ನಾನು ಗೇರ್ ಹಾಕಿ ಬಹಳ ಹೊತ್ತಾಗಿರುತ್ತಿತ್ತು.