ಸೂಜಿ ತಾಗದ ಚೀಲ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತವನು ನಾನು. ಚಾಮರಾಜಪೇಟೆಯಲ್ಲಿ ಆಟೋ ಸೀಟು, ಟಾರ್ಪಾಲು ಹೊಲಿಯುವುದು ನನ್ನ ಕಸುಬು. ಹೊಲಿಗೆ ಬಿಚ್ಚಿಕೊಂಡಿತು ಅಂತ ಇದುವರೆಗೆ ಒಬ್ಬರೂ ವಾಪಸ್ ಬಂದಿಲ್ಲ. ಹಾಗಾಗಿ ಮಗಳು ಸ್ನೇಹಿತೆಯ ಜೊತೆ ಕಾಳಿ ನದಿಯಲ್ಲಿ ಮೂರು ದಿನ ಕಯಾಕ್ ನಡೆಸಲು ಹೊರಟಾಗ, ನೀರು ಹೋಗದ ಚೀಲ ನಾನೇ ಹೊಲಿಯುತ್ತೇನೆ ಅಂದೆ. ಕಯಾಕ್ ಅಂದರೆ ಒಬ್ಬರೇ ಕೂರುವ ಸಣ್ಣ ದೋಣಿ. ಮಗುಚಿದರೆ ಒಳಗೆಲ್ಲ ನೀರು. ಅವಳಿಗೋ ಹತ್ತನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಪೆನ್ನು, ಸಕ್ಕರೆ ನೋಡುವ ಪಟ್ಟಿ ಒದ್ದೆಯಾದರೆ ಆ ಕಾಡಿನಲ್ಲಿ ಮೆಡಿಕಲ್ ಸ್ಟೋರ್ ಎಲ್ಲಿ ಹುಡುಕುವುದು?

ದಪ್ಪ ಟಾರ್ಪಾಲು, ಎರಡು ಸಾಲು ಹೊಲಿಗೆ, ಮೇಲೆ ಮೇಣ. ಒಳಗೆ ಕಡಲೆಪುರಿ ತುಂಬಿ ಬಕೆಟ್ಟಿನಲ್ಲಿ ಅದುಮಿ ಹಿಡಿದೆ. ತೆಗೆದು ನೋಡಿದರೆ ಪುರಿ ಮೆತ್ತಗಾಗಿತ್ತು.

"ಅಪ್ಪ, ನೀನು ಗಟ್ಟಿಯಾಗಿ ಹೊಲಿದಷ್ಟೂ ತೂತು ಜಾಸ್ತಿ ಅಲ್ವಾ?"

ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ಅವಳು ಹೇಳಿದ್ದು ಸರಿ. ಸೂಜಿ ಹೋದ ಕಡೆಯೆಲ್ಲ ನೀರೂ ಹೋಗಿತ್ತು.

ಸಂಜೆಗೆ ಅವಳ ಬಸ್ಸು. ದೋಣಿಯಲ್ಲಿ ಸಾಮಾನು ತೂರಿಸುವ ಬಾಯಿಯ ಅಳತೆ ಕೇಳಿ, ಅಷ್ಟಕ್ಕೇ ಒಂದು ತಂತಿ ಬಳೆ ಬಗ್ಗಿಸಿಕೊಂಡು ನೀರು ಹೋಗದ ಚೀಲ ಮಾರುವ ಮಲ್ಲೇಶ್ವರದ ಅಂಗಡಿಗೆ ಹೋದೆವು. ಅಳತೆ ಇಲ್ಲದೆ ನಾನು ಎಲ್ಲೂ ಏನೂ ಕೊಂಡವನಲ್ಲ.

"ದೊಡ್ಡದೊಂದು ತಗೊಳ್ಳಿ ಯಜಮಾನ್ರೇ, ಎಲ್ಲಾ ಹಿಡಿಸುತ್ತೆ" ಅಂದರು ಅಂಗಡಿಯವರು.

ಬಟ್ಟೆ ತುಂಬಿ ಬಳೆಗೆ ತೂರಿಸಿದೆ. ಅರ್ಧಕ್ಕೇ ಸಿಕ್ಕಿಕೊಂಡಿತು.

"ದೋಣಿ ತುದಿ ಚೂಪು ಕಣಪ್ಪ. ಚಿಕ್ಕ ಚಿಕ್ಕದೇ ಬೇಕು."

ಚಿಕ್ಕದೊಂದನ್ನು ಒಳಮಗ್ಗುಲು ತಿರುಗಿಸಿ ನೋಡಿದೆ. ಹೊಲಿಗೆಯೇ ಇಲ್ಲ, ಬಿಸಿ ಕೊಟ್ಟು ಅಂಟಿಸಿದ್ದು. "ಒಂದು ಬಕೆಟ್ ನೀರು ಕೊಡಿ" ಅಂದೆ.

"ಎಲ್ಲರೂ ಹಿಂಗೆ ಮುಳುಗಿಸಿ ನೋಡಿದ್ರೆ ನಾನು ಅಂಗಡೀಲಿ ಮೀನು ಸಾಕ್ಬೇಕಾಗುತ್ತೆ."

"ಸಾಕಿ. ಇದ್ರಲ್ಲಿ ನನ್ನ ಮಗಳ ಇನ್ಸುಲಿನ್ ಹೋಗುತ್ತೆ."

ಅಂಗಡಿಯವರು ಬಕೆಟ್ ತಂದಿಟ್ಟರು. ಚೀಲದ ಬಾಯಿ ಮಡಚಿ, ಕ್ಲಿಪ್ ಹಾಕಿ, ಮುಳುಗಿಸಿದೆ. ಗುಳುಗುಳು ಗುಳ್ಳೆ ಎದ್ದವು.

"ಇದೂ ಸೋರುತ್ತೆ!"

ಮಗಳು ಕಿತ್ತುಕೊಂಡಳು. "ಒಂದೇ ಸುತ್ತು ಸುತ್ತಿದೀಯ. ಬಿಡಪ್ಪ, ನಾನೇ ಮಾಡ್ತೀನಿ. ಅಲ್ಲಿ ನೀನಿರಲ್ಲ."

ಒಳಗಿನ ನೀರು ಒರೆಸಿ, ಬಾಯಿ ಮಟ್ಟಸ ಮಾಡಿ, ಬಿಗಿಯಾಗಿ ಮೂರು ಸುತ್ತು ಸುತ್ತಿದಳು. ನನ್ನ ಕೈ ಎರಡು ಸಲ ಮುಂದೆ ಹೋಯಿತು. ಎರಡು ಸಲವೂ ಹಿಂದಕ್ಕೆ ಎಳೆದುಕೊಂಡೆ. ಅವಳೇ ಮುಳುಗಿಸಿ ಹಿಡಿದಳು. ಅಲ್ಲಾಡುತ್ತಿದ್ದ ನೀರು ನಿಂತಿತು. ಒಂದು ಗುಳ್ಳೆಯೂ ಇಲ್ಲ. ಮೇಲೆತ್ತಿ ಬಿಚ್ಚಿದ ಮೇಲೆ ಒಳಗೆ ಕೈ ಹಾಕಿ ಮೂಲೆ ಮೂಲೆ ಸವರಿದೆ; ಒಣಗೇ ಇತ್ತು.

"ನಾಲ್ಕು ಕೊಡಿ" ಅಂದೆ. "ಬಟ್ಟೆಗೆ ಎರಡು. ಔಷಧಿ ಎರಡು ಪಾಲು. ಒಂದು ಇವಳ ದೋಣೀಲಿ, ಒಂದು ಇವಳ ಸ್ನೇಹಿತೆ ದೋಣೀಲಿ. ಒಂದು ದೋಣಿ ಹೋದ್ರೂ ಇನ್ನೊಂದಿರ್ಲಿ."

"ದೋಣಿ ಹೋದ್ರೆ ನಾನೂ ಹೋಗ್ತೀನಾ?" ಮಗಳು ನಕ್ಕಳು. ಅಂಗಡಿಯವರೂ ನಕ್ಕರು.

ನನಗೆ ನಗು ಬರಲಿಲ್ಲ. "ಇನ್ನೊಂದು ಸಲ ಸುತ್ತು, ನೋಡ್ತೀನಿ" ಅಂದೆ.